ಶಾಲೆಯಲ್ಲಿ ದಡಾರ ಲಸಿಕೆ: ಮಕ್ಕಳು ಹೆದರದಂತೆ ನಡೆಸುವುದು ಹೇಗೆ?

ಸೂಜಿ ಹಾಕುವುದು ಸಿಸ್ಟರ್ ಕೆಲಸ, ಅವರಿಗೆ ಅದು ಚೆನ್ನಾಗಿ ಗೊತ್ತು. ಕೆಡುವುದು ಶಾಲೆಯವರು ನೋಡಿಕೊಳ್ಳಬೇಕಾದ ಭಾಗ. ಒಂದು ಮಗು ತಲೆಸುತ್ತಿ ಬಿದ್ದರೆ ಸಾಕು, ವಾಟ್ಸಾಪಿನಲ್ಲಿ ಏನೇನೋ ಸುದ್ದಿ ಓಡಿ ಪೋಷಕರು ಜೀಪು ಹತ್ತಿ ಬರುತ್ತಾರೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನವರಿಗೆ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗಲೂ ವದಂತಿಯೇ ದೊಡ್ಡ ತಲೆನೋವಾಗಿತ್ತು.

ಮೊದಲು ಮನೆಗೆ ಚೀಟಿ ಕಳಿಸಿ. ಕಾಫಿ ತೋಟದ ಕಾರ್ಮಿಕರು ಇರುವ ಲೈನ್ ಮನೆಗಳಿಗೆ ಚೀಟಿ ಸಾಲದು. ಅಸ್ಸಾಂ ಕಡೆಯಿಂದ ಬಂದ ಎಷ್ಟೋ ಜನಕ್ಕೆ ಕನ್ನಡ ಓದಲು ಬರುವುದಿಲ್ಲ, ಕಾಫಿ ಕುಯ್ಲಿನ ಸಮಯದಲ್ಲಿ ಹಗಲು ಕೈಗೆ ಸಿಗುವುದೂ ಇಲ್ಲ. ಸಂಜೆ ಹಣ್ಣು ತೂಕ ಹಾಕುವ ಹೊತ್ತಿಗೆ ಆಶಾ ಕಾರ್ಯಕರ್ತೆ ಜೊತೆ ಹೋಗಿ, ತೋಟದ ಲೆಕ್ಕ ನೋಡುವ ರೈಟರ್ ಕೈಲಿ ಹೇಳಿಸಿ. ‘ಚಿಕ್ಕವರಿದ್ದಾಗ ಹಾಕಿಸಿದ್ದೇವೆ’ ಅಂದರೆ, ಅಭಿಯಾನದಲ್ಲಿ ಮತ್ತೆ ಹಾಕಿಸಿದರೆ ತೊಂದರೆ ಇಲ್ಲ ಅಂತ ತಿಳಿಸಿ. ನೆಗಡಿ ಇದ್ದರೂ ಪರವಾಗಿಲ್ಲ. ಜೋರು ಜ್ವರ, ಕ್ಯಾನ್ಸರ್ ಚಿಕಿತ್ಸೆ, ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ಸಿಸ್ಟರಿಗೆ ಮುಂಚೆಯೇ ಹೇಳಬೇಕು.

ಈಗ ಕಷ್ಟದ ಭಾಗ. ಮೂರು ಕೋಣೆ ಬೇಕು: ಕಾಯಲು ಒಂದು, ಲಸಿಕೆಗೆ ಒಂದು, ಆಮೇಲೆ ಅರ್ಧ ಗಂಟೆ ಕೂರಲು ಒಂದು. ಜಗಲಿಯಲ್ಲಿ ಉದ್ದ ಸಾಲು ನಿಲ್ಲಿಸಲೇಬೇಡಿ. ಮುಂದಿನವನು ಅಳುವುದನ್ನು ನೋಡುತ್ತಾ, ಸ್ಪಿರಿಟ್ ವಾಸನೆ ಕುಡಿಯುತ್ತಾ ನಿಂತ ಮಗುವಿಗೆ ಸೂಜಿಗಿಂತ ಮುಂಚೆಯೇ ಕೈಕಾಲು ತಣ್ಣಗಾಗುತ್ತದೆ. ನಾಲ್ಕೈದು ಜನರನ್ನಷ್ಟೇ ಕರೆಯಿರಿ, ಒಂದು ಬಾಗಿಲಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ, ನಡುವೆ ಒಂದು ಹಳೇ ಸೀರೆಯಾದರೂ ಕಟ್ಟಿ. ತೋಟಕ್ಕೆ ಬೇಗ ಹೊರಡುವವರ ಮಕ್ಕಳು ಖಾಲಿ ಹೊಟ್ಟೆಯಲ್ಲಿ ಬಂದಿರುತ್ತಾರೆ, ಅವರನ್ನು ಕೇಳಿ ಏನಾದರೂ ತಿನ್ನಿಸಿ, ಬರೀ ಬಿಸ್ಕತ್ತು ಕೊಟ್ಟು ಮುಗಿಸಬೇಡಿ. ತಲೆಸುತ್ತಿ ಬೀಳುವುದು ಪುಟಾಣಿಗಳಿಗಿಂತ ಏಳು, ಎಂಟನೇ ಕ್ಲಾಸಿನವರೇ ಜಾಸ್ತಿ. ಅವರನ್ನು ಕೂರಿಸಿಯೇ ಲಸಿಕೆ ಹಾಕಿಸಿ. ಬಿದ್ದರೆ ಮಲಗಿಸಿ, ಕಾಲು ಸ್ವಲ್ಪ ಮೇಲೆತ್ತಿ, ಸುತ್ತ ಗುಂಪು ಸೇರಲು ಬಿಡಬೇಡಿ, ಒಂದೆರಡು ನಿಮಿಷದಲ್ಲಿ ಸರಿಹೋಗುತ್ತಾರೆ. ಉಸಿರಾಟಕ್ಕೆ ಕಷ್ಟ, ಮುಖ ಊದುವುದು, ಮೈಮೇಲೆ ದದ್ದು ಇವು ಬೇರೆ ವಿಷಯ. ಆಗ ಒಂದು ಕ್ಷಣವೂ ಕಾಯದೆ ಸಿಸ್ಟರನ್ನು ಕೂಗಿ. ಆ ಅರ್ಧ ಗಂಟೆ ಅದಕ್ಕೇ ಇರುವುದು, ಬಸ್ಸು ಬಂತು ಅಂತ ಮಕ್ಕಳನ್ನು ಬಿಡಬೇಡಿ.

ಉದ್ಘಾಟನೆ, ಭಾಷಣ ಖಂಡಿತ ಬೇಡ. ಪುಡಿಗೆ ನೀರು ಬೆರೆಸಿದ ಲಸಿಕೆಯನ್ನು 4 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಎಸೆಯಬೇಕು. ಲಸಿಕೆ ಹಾಕಿಸಿಕೊಂಡವರ ಎಡ ಹೆಬ್ಬೆರಳಿನ ಉಗುರಿಗೆ ಗುರುತು ಹಾಕಲು ಮಾರ್ಕರ್ ಬಳಸಿ, ಮಕ್ಕಳ ಸ್ಕೆಚ್ ಪೆನ್ ಕೈ ತೊಳೆದರೆ ಹೋಗುತ್ತದೆ.

ತೋಳಿಗೆ ಬಾಮ್, ಅರಿಶಿನ ಯಾವುದೂ ಬೇಡ. ಒಂದು ವಾರದ ನಂತರ ಸಣ್ಣ ಜ್ವರ, ದದ್ದು ಬರಬಹುದು, ತಾನಾಗಿ ಹೋಗುತ್ತದೆ ಅಂತ ಅವತ್ತೇ ಪೋಷಕರಿಗೆ ಹೇಳಿಬಿಡಿ. ದಡಾರ ಊರಲ್ಲಿ ಹರಡದಿರಬೇಕಾದರೆ 100ರಲ್ಲಿ 95 ಮಕ್ಕಳಿಗಾದರೂ ಲಸಿಕೆ ತಲುಪಬೇಕು. ಹಾಗಾಗಿ ಗೈರುಹಾಜರಾದವರ ಪಟ್ಟಿಯನ್ನು, ಹಾಡಿಯ ಹೆಸರು, ತೋಟದ ಹೆಸರು ಸಮೇತ, ಅದೇ ಸಂಜೆ ಸಿಸ್ಟರ್ ಕೈಗೆ ಕೊಡಿ.