ಗುಡಿಗೆ ಯಾರ ಜೊತೆ ಹೋಗುತ್ತೀರಿ, ಯಾಕೆ ಓದುತ್ತೀರಿ

ಧಾರವಾಡದ ಒಂದು ಪದವಿ ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸುತ್ತೇನೆ. ಪ್ರತಿವರ್ಷ ಒಂದಷ್ಟು ವಿದ್ಯಾರ್ಥಿಗಳಿಗೆ ನಾನೇ ಮೆಂಟರ್. ಹಾಜರಿ, ಇಂಟರ್ನಲ್ ಅಂಕ, ಸ್ಕಾಲರ್‌ಶಿಪ್ ಅರ್ಜಿ ನೋಡಿಕೊಂಡರೆ ಕಾಗದದ ಮಟ್ಟಿಗೆ ಕೆಲಸ ಮುಗಿಯಿತು. ಆದರೆ ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಬಂದು, ರೂಮು ಹಿಡಿದು, ಖಾನಾವಳಿ ಊಟ ಮಾಡಿಕೊಂಡು ಓದುವ ಈ ಮಕ್ಕಳಿಗೆ ತಮ್ಮ ಬದುಕು ಹೇಗೆ ಕಾಣುತ್ತಿದೆ ಎಂಬುದು ಅದರಲ್ಲಿ ಎಲ್ಲೂ ಸಿಗುವುದಿಲ್ಲ.

ಅದಕ್ಕಾಗಿ ಅಮೆರಿಕದ ಮನೋವಿಜ್ಞಾನಿ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಜೀವನತೃಪ್ತಿ ಮಾಪಕವನ್ನು ಕೈಗೆತ್ತಿಕೊಂಡೆ. ಐದೇ ವಾಕ್ಯ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಒಟ್ಟು 5ರಿಂದ 35, ನಡುಮಟ್ಟ 20. ಕೊನೆಯ ವಾಕ್ಯ, ಇನ್ನೊಮ್ಮೆ ಬದುಕಲು ಸಿಕ್ಕರೂ ಏನನ್ನೂ ಹೆಚ್ಚಾಗಿ ಬದಲಿಸುವುದಿಲ್ಲ ಎಂಬ ಅರ್ಥದ್ದು. ಸರಸರ ಗುರುತು ಹಾಕುತ್ತಿದ್ದ ಪೆನ್ನುಗಳು ಅಲ್ಲಿಗೆ ಬಂದಾಗ ನಿಲ್ಲುತ್ತವೆ. ಹಾಕಿದ್ದನ್ನು ಹೊಡೆದು ಮತ್ತೆ ಹಾಕುವವರೂ ಇದ್ದಾರೆ. ಆ ಕಾಟುಗಳನ್ನು ನಾನು ಅಂಕಕ್ಕಿಂತ ಹೆಚ್ಚು ಗಮನವಿಟ್ಟು ನೋಡುತ್ತೇನೆ.

ಅದೇ ಹಾಳೆಯ ಕೆಳಗೆ ನಂಬಿಕೆಯ ಬಗ್ಗೆ ಕೇಳಿದೆ. ಹೆಚ್ಚುಕಡಿಮೆ ಎಲ್ಲರೂ ದೇವರನ್ನು ನಂಬುವವರೇ. ಶನಿವಾರ ಊರ ಬಳಿಯ ನುಗ್ಗಿಕೇರಿ ಹನುಮಪ್ಪನ ಗುಡಿಯ ದಾರಿ ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ವಿದ್ಯಾರ್ಥಿಗಳೇ ತುಂಬಿರುವ ಸಪ್ತಾಪುರ ಬಡಾವಣೆಯ ರೂಮುಗಳೇ ಎದ್ದು ಅತ್ತ ನಡೆದಂತಿರುತ್ತದೆ. ತೃಪ್ತಿಯ ಅಂಕ ಮಾತ್ರ ಮೇಲಿಂದ ಕೆಳಗಿನವರೆಗೂ ಚದುರಿತ್ತು. ಎಲ್ಲರಲ್ಲೂ ಇರುವ ಸಂಗತಿಯಿಂದ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ತಿಳಿಯುವುದು ಹೇಗೆ? ಹಾಗಾಗಿ ಆ ನಂಬಿಕೆ ಅವರ ಬದುಕಿನಲ್ಲಿ ಏನು ಮಾಡುತ್ತಿದೆ ಎಂದು ವಿಚಾರಿಸತೊಡಗಿದೆ. ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಮೈಕೆಲ್ ರಾಸ್ 1967ರಲ್ಲೇ ಈ ಗೆರೆ ಎಳೆದಿದ್ದರು: ಧರ್ಮವನ್ನೇ ಬದುಕುವವರು ಒಂದು ಬಗೆ, ಬೇರೊಂದು ಲಾಭಕ್ಕಾಗಿ ಅದನ್ನು ಬಳಸುವವರು ಇನ್ನೊಂದು ಬಗೆ.

ನಮ್ಮಲ್ಲಿ ಇದು ಹೇಗೆ ಕಾಣುತ್ತದೆ ಎನ್ನುವುದಕ್ಕೆ ಒಬ್ಬ ಹುಡುಗನನ್ನು ನೆನೆಯುತ್ತೇನೆ. ಡಿಗ್ರಿ ಓದುತ್ತಲೇ ಪೊಲೀಸ್ ಪರೀಕ್ಷೆಗೆ ತಯಾರಿ ನಡೆಸಿದ್ದ. ರೂಮಿನಲ್ಲಿ ಹನುಮಪ್ಪನ ಫೋಟೋದ ಚೌಕಟ್ಟಿಗೆ ಹಾಲ್‌ಟಿಕೆಟ್ ಸಿಕ್ಕಿಸಿದ್ದ, ಅದರ ಅಂಚಿಗೆ ಕುಂಕುಮ ಹತ್ತಿತ್ತು. "ಈ ಸಲ ಲಿಸ್ಟಿನ್ಯಾಗ ಹೆಸರು ಬರ್ಲಿಲ್ಲಂದ್ರ ಹನುಮಪ್ಪಗ ನನ್ನ ಮ್ಯಾಲೆ ಸಿಟ್ಟೈತಿ ಅಂತ ತಿಳ್ಕೊಳ್ಳೂದ್ರಿ ಮೇಡಮ್" ಅಂದ. ಅವನ ಭಕ್ತಿ ಖರೇ. ಆದರೆ ಫಲಿತಾಂಶ ಕೆಟ್ಟರೆ ನೌಕರಿಯ ಜೊತೆ ದೇವರನ್ನೂ ಕಳೆದುಕೊಳ್ಳುವ ಸ್ಥಿತಿ ಅದು. ಹರಕೆಯನ್ನು ನಾನು ಹಳಿಯುವುದಿಲ್ಲ, ನಮ್ಮ ಮನೆಯಲ್ಲೂ ಹೊರುತ್ತಾರೆ. ಪೂರ್ತಿ ನಂಬಿಕೆ ಒಂದು ರಿಸಲ್ಟಿಗೆ ಕಟ್ಟಿಹೋದಾಗ ಮಾತ್ರ ನನಗೆ ಭಯವಾಗುತ್ತದೆ. ಅವನೇ ಶನಿವಾರ ರೂಮಿನ ಗೆಳೆಯರ ಜೊತೆ ನುಗ್ಗಿಕೇರಿಗೆ ನಡೆದು ಹೋಗಿ ಬಂದ ದಿನ ಬೇರೆಯೇ ಮನುಷ್ಯ. ದಾರಿಯುದ್ದಕ್ಕೂ ಯಾರ ಮನೆಯಲ್ಲಿ ಏನಾಗಿದೆ, ಯಾರಿಗೆ ದುಡ್ಡಿನ ಅಡಚಣೆ ಎಂಬ ಮಾತೆಲ್ಲ ಆಗುತ್ತದೆ. ರಂಜಾನ್ ಉಪವಾಸ ಹಿಡಿದೇ ಪರೀಕ್ಷೆ ಬರೆಯುವ ನಮ್ಮ ಹುಡುಗಿಯರೂ ಇಫ್ತಾರ್ ಹೊತ್ತಿಗೆ ಒಟ್ಟಿಗೆ ಕೂರುವುದನ್ನೇ ಮೊದಲು ಹೇಳುತ್ತಾರೆ.

ಸಂಶೋಧಕರಾದ ಚೇಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ 2010ರಲ್ಲಿ ಅಮೆರಿಕದವರ ಬಗ್ಗೆ ಕಂಡುಕೊಂಡದ್ದೂ ಇದಕ್ಕೆ ಹತ್ತಿರವಿದೆ: ಪ್ರಾರ್ಥನಾ ಮಂದಿರಕ್ಕೆ ತಪ್ಪದೆ ಹೋಗುವವರ ತೃಪ್ತಿಗೆ ದೊಡ್ಡ ಕಾರಣ ಅಲ್ಲಿ ಬೆಳೆದ ಸ್ನೇಹ. ಅಲ್ಲಿನ ಚರ್ಚಿನ ಮಾತು ಇಲ್ಲಿನ ಗುಡಿಗೆ ಹಾಗೆಯೇ ಒಪ್ಪುತ್ತದೆ ಅನ್ನಲಾರೆ, ಆದರೆ ನನ್ನ ಪ್ರಶ್ನೆಗೆ ಅದು ದಿಕ್ಕು ತೋರಿಸಿತು.

ಓದಿನ ಪ್ರೇರಣೆಯ ಕತೆ ಇನ್ನೂ ತೊಡಕಿನದು. ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಅವರ ಪ್ರೇರಣೆಯ ಸಿದ್ಧಾಂತದಲ್ಲಿ ಒಳಗಿನ ಆಸಕ್ತಿಗೂ ಹೊರಗಿನ ಒತ್ತಾಯಕ್ಕೂ ನಡುವೆ ಹಲವು ಮೆಟ್ಟಿಲುಗಳಿವೆ. ಅದರಲ್ಲೊಂದು, ಓದದಿದ್ದರೆ ತಪ್ಪಿತಸ್ಥರಾದೇವು ಎಂಬ ಅಳುಕಿನಿಂದ ಓದುವುದು. ನಮ್ಮ ಮಕ್ಕಳಲ್ಲಿ ನನಗೆ ಹೆಚ್ಚು ಕಾಣುವುದು ಇದೇ. ಹಾವೇರಿ ಕಡೆಯ ಒಬ್ಬ ಬಿ.ಎ. ಹುಡುಗಿ ತರಗತಿಗೆ ಮೊದಲಿಗಳು, ತೃಪ್ತಿಯ ಅಂಕ ಮಾತ್ರ 20ರ ಕೆಳಗೆ. "ಅಪ್ಪ ಮೆಣಸಿನಕಾಯಿ ಮಾರಿದ ರೊಕ್ಕ ಫೀಗೆ ಕಟ್ಯಾರ್ರಿ. ನಾ ಓದ್ಲಿಲ್ಲಂದ್ರ ಹ್ಯಾಂಗ್ರಿ?" ಅಂದಳು. ಓದು ಅವಳಿಗೆ ತೀರಿಸಬೇಕಾದ ಸಾಲವಾಗಿತ್ತು, ಪಾಸಾದಾಗ ಖುಷಿಗಿಂತ ಒಂದು ಕಂತು ಕಟ್ಟಿದ ನಿರಾಳ.

ಅಪ್ಪನ ಋಣ ಮರೆತುಬಿಡು ಅನ್ನಲು ನಾನ್ಯಾರು? ಇತಿಹಾಸದ ಮೇಷ್ಟ್ರ ಜೊತೆ ಮಾತಾಡಿ, ಅಸೈನ್‌ಮೆಂಟ್ ವಿಷಯವನ್ನು ಅವಳೇ ಆರಿಸಿಕೊಳ್ಳಲು ಬಿಟ್ಟೆವು. ತಮ್ಮೂರ ಗುಡಿಯ ಪಕ್ಕದ ವೀರಗಲ್ಲು ಆರಿಸಿಕೊಂಡಳು. ದಿನಾ ಕೈಮುಗಿದು ಹಾದುಹೋಗುತ್ತಿದ್ದ ಕಲ್ಲು. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಗೆ ಹೋಗಿ ಅಂಥವೇ ಕಲ್ಲುಗಳನ್ನು ನೋಡಿ ಬಂದಳು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಮೂರನ್ನೂ ನನಗೆ ಬಿಡಿಸಿ ಹೇಳುವಾಗ ಅವಳ ಮಾತು ನಿಲ್ಲಲಿಲ್ಲ. ಮುಂದಿನ ಸಲ ತೃಪ್ತಿಯ ಅಂಕ ಏರಿತ್ತು. ವೀರಗಲ್ಲಿನಿಂದಲೇ ಏರಿತು ಅನ್ನುವಂತಿಲ್ಲ, ಅಷ್ಟರಲ್ಲಿ ಹಾಸ್ಟೆಲ್ ಸೀಟೂ ಸಿಕ್ಕಿತ್ತು. ಹೊಟ್ಟೆ, ನೆಲೆ ಗಟ್ಟಿಯಾಗದೆ ಪ್ರೇರಣೆಯ ಮಾತು ಆಡುವುದೇ ತಪ್ಪು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ಅಂದರೆ ಮಠದ ವಿದ್ಯಾರ್ಥಿ ನಿಲಯ, ಈ ಭಾಗದ ಬಡ ಮಕ್ಕಳಿಗೆ ಕೊಟ್ಟದ್ದರಲ್ಲಿ ಊಟ, ಪ್ರಾರ್ಥನೆ, ಓದು ಮೂರೂ ಸೇರಿದ್ದವು.

ಈಗ ಮೊದಲ ಭೇಟಿಯಲ್ಲೇ ಕೇಳುತ್ತೇನೆ: ಗುಡಿಗೋ ಮಸೀದಿಗೋ ಯಾರ ಜೊತೆ ಹೋಗುತ್ತೀರಿ? ಪರೀಕ್ಷೆಯೇ ಇಲ್ಲದಿದ್ದರೂ ಓದುವಂಥದ್ದು ಏನಾದರೂ ಇದೆಯೇ? ಎರಡಕ್ಕೂ ಉತ್ತರ ಬಾರದವರನ್ನು ಮತ್ತೆ ಮತ್ತೆ ಕರೆದು ಮಾತಾಡಿಸುತ್ತೇನೆ. ಮಾಪಕ ರೋಗ ಪತ್ತೆಗೆ ಮಾಡಿದ್ದಲ್ಲ. ನಿದ್ದೆ, ಊಟ ಬಿಟ್ಟು ಬದುಕೇ ಬೇಡ ಎನ್ನುವ ಮಾತು ಬಂದರೆ ಹರಕೆ, ಪ್ರೇರಣೆ ಎಲ್ಲ ಬದಿಗಿಟ್ಟು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಜೊತೆಯಲ್ಲೇ ಕರೆದುಕೊಂಡು ಹೋಗುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಹಾಳೆಯ ಕೊನೆಯಲ್ಲೇ ಅಚ್ಚು ಹಾಕಿಸಿದ್ದೇನೆ. ಇನ್ನು ಆಯ್ಕೆಪಟ್ಟಿ ಹೊರಬೀಳುವ ದಿನ ಆ ಪೊಲೀಸ್ ಪರೀಕ್ಷೆಯ ಹುಡುಗನ ಶನಿವಾರದ ಗೆಳೆಯರಿಗೆ ಮೊದಲೇ ಹೇಳಿರುತ್ತೇನೆ: ಮೊಬೈಲ್ ಹಿಡಿದು ಅವನೊಬ್ಬನೇ ಕೂರಬಾರದು, ನೀವೂ ಅಲ್ಲೇ ಇರ್ರಿ.