ಉಪವಾಸ ಕೆಡವಿದ ಮೇಲೇ ಘಮ ಬಂತು: ಪರಿಮಳದ ಜೆರೇನಿಯಂ, ನನ್ನ ಅನುಭವ

ಎಲೆ ಉಜ್ಜಿದರೆ ಘಮ ಬರುವ ಪರಿಮಳದ ಜೆರೇನಿಯಂನ ಕಟಿಂಗ್ ಮೇಲೆ, ಅಂದರೆ ಬೇರು ಬರಿಸಲು ನೆಟ್ಟ ಕಡ್ಡಿಯ ಮೇಲೆ, ಪ್ಲಾಸ್ಟಿಕ್ ಕವರ್ ಮುಚ್ಚಬೇಡಿ. ದಾಸವಾಳಕ್ಕೆ, ಗುಲಾಬಿಗೆ ಮುಚ್ಚುತ್ತೀರಿ, ಸರಿ. ಇದಕ್ಕೆ ಬೇಡ. ನಾನು ಹೀಗೆ ಹೇಳಿದಾಗೆಲ್ಲ ಗಿಡದ ಹುಚ್ಚಿರುವ ಗೆಳೆಯರು ನಕ್ಕಿದ್ದಾರೆ. ‘ತೇವ ಇಲ್ಲದೆ ಬೇರು ಎಲ್ಲಿಂದ ಬರುತ್ತೆ?’ ಅಂತ ಕೇಳಿದವರೇ ಈಗ ನನ್ನ ಹತ್ತಿರ ಸಸಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಮೊದಲ ಒಂದೆರಡು ವರ್ಷ ಎಲ್ಲರೂ ಹೇಳಿಕೊಟ್ಟಂತೆಯೇ ಮಾಡಿದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇ, ಬೇರು ಬರಿಸುವ ಹಾರ್ಮೋನ್ ಪುಡಿ, ಮೇಲೆ ಕವರ್, ದಿನಾ ಸ್ಪ್ರೇ. ಹತ್ತು ಕಡ್ಡಿ ನೆಟ್ಟರೆ ಎರಡೋ ಮೂರೋ ಉಳಿಯುತ್ತಿದ್ದವು. ಮಿಕ್ಕವುಗಳದ್ದು ಒಂದೇ ಕತೆ. ವಾರದೊಳಗೆ ಮಣ್ಣಿನ ಮಟ್ಟದಲ್ಲಿ ಕಾಂಡಕ್ಕೆ ಕಪ್ಪು ಪಟ್ಟಿ. ಆಮೇಲೆ ಅದು ಒಂದೊಂದೇ ಗೆಣ್ಣು ಮೇಲೆ ಹತ್ತುತ್ತದೆ. ಬೆರಳಲ್ಲಿ ಹಿಸುಕಿದರೆ ಪಿಚಕ್ಕನೆ ನೀರು. ತುದಿಯ ಎಲೆ ಮಾತ್ರ ಏನೂ ಆಗೇ ಇಲ್ಲ ಅನ್ನೋ ಹಾಗೆ ಹಸಿರಾಗಿ ನಿಂತಿರುತ್ತದೆ. ಪಿಥಿಯಂ ಕೊಳೆ, ತೇವ ಹೆಚ್ಚಾದಲ್ಲಿ ಹಬ್ಬುವ ಬೂಷ್ಟಿನಂಥ ರೋಗ. ಅದಕ್ಕೆ ಔಷಧಿ ಅಂತ ಸುರಿದ ದುಡ್ಡಲ್ಲಿ ಇನ್ನೊಂದು ಸಾಲು ಮಣ್ಣಿನ ಕುಂಡ ಬರುತ್ತಿತ್ತು. ಔಷಧಿ ಹಾಕಿದ ಟ್ರೇ, ಹಾಕದ ಟ್ರೇ, ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೊಳೆತವು.

ಈಗ ಮಾಡುವುದು ಇಷ್ಟು. ನಾಲ್ಕು ಇಂಚಿನ ತುದಿ, ಗೆಣ್ಣಿನ ಕೆಳಗೆ ಕತ್ತರಿಸಬೇಕು. ತೀರಾ ಎಳೆಯದೂ ಬೇಡ, ಕಂದು ತಿರುಗಿ ಮರವಾದದ್ದೂ ಬೇಡ. ಕೆಳಗಿನ ಎಲೆ ತೆಗೆಯುವಾಗ ತೊಟ್ಟಿನ ಬುಡದಲ್ಲಿ ಎರಡು ಪುಟ್ಟ ಪೊರೆ ಇರುತ್ತವಲ್ಲ, ಅವನ್ನೂ ಉಗುರಲ್ಲಿ ಕೀಳಿ. ಎಷ್ಟೋ ಸಲ ಕೊಳೆ ಶುರುವಾಗುವುದು ಅಲ್ಲಿಂದಲೇ. ಮೊಗ್ಗಿದ್ದರೆ ಚಿವುಟಿ. ತಕ್ಷಣ ನೆಡಬೇಡಿ. ರಾತ್ರಿಯಿಡೀ ಪೇಪರ್ ಮೇಲೆ ಹಾಗೇ ಬಿಡಿ. ಬೆಳಿಗ್ಗೆ ಎಲೆ ಜೋತುಬಿದ್ದಿರುತ್ತದೆ, ಗಾಬರಿ ಆಗುತ್ತದೆ, ಆಗಲಿ. ಕತ್ತರಿಸಿದ ಬಾಯಿ ಒಣಗಿ ಮೇಲೆ ತೆಳ್ಳಗೆ ಚರ್ಮ ಕಟ್ಟಿರುತ್ತದೆ. ನಮಗೆ ಬೇಕಾದ್ದು ಅದೇ.

ದಪ್ಪ ಮರಳು ಮುಕ್ಕಾಲು ಪಾಲು, ಕೋಕೋಪೀಟ್ ಕಾಲು ಪಾಲು. ಇನ್ನೊಂದು ವಸ್ತು ಚಿಟಿಕೆಯಷ್ಟು ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಹಾರ್ಮೋನ್ ಪುಡಿ ಬೇಡವೇ ಬೇಡ. ನೆಟ್ಟ ದಿನ ಒಮ್ಮೆ ನೀರು. ಆಮೇಲೆ ಕುಂಡ ಎತ್ತಿ ನೋಡಿ, ಹಗುರಾಗಿದ್ದರೆ ಮಾತ್ರ. ಮೂರು ನಾಲ್ಕು ವಾರಕ್ಕೆ ಬೇರು. ಹತ್ತಕ್ಕೆ ಎಂಟು ಒಂಬತ್ತು ಹಿಡಿಯುತ್ತವೆ. ಗುಲಾಬಿ ಘಮದ ಗ್ರೇವಿಯೋಲೆನ್ಸ್ ಆದರೆ ಹತ್ತಕ್ಕೆ ಹತ್ತು ಅಂತ ಬಾಜಿ ಕಟ್ಟುತ್ತೇನೆ.

ಸೇಬಿನ ಘಮದ ಒಡೊರಾಟಿಸಿಮಂ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅದರ ಹೂವಿನ ಉದ್ದ ಬಳ್ಳಿಗಳನ್ನು ಕತ್ತರಿಸಿ ನೆಟ್ಟರೆ ಬೇರು ಬರುವುದೇನೋ ಬರುತ್ತದೆ, ಆದರೆ ಗಿಡ ಬುಡ ಕಟ್ಟುವುದಿಲ್ಲ, ಸೊರಗಿ ಹೋಗುತ್ತದೆ. ಬೀಜದಿಂದಲೇ ಮಾಡಿ. ಸುಮ್ನೆ ಬಿಟ್ಟರೆ ಪಕ್ಕದ ಕುಂಡದಲ್ಲಿ ತಾನೇ ಬಿದ್ದು ಹುಟ್ಟುತ್ತದೆ.

ಇನ್ನು ಘಮ. ‘ಎಲೆ ದೊಡ್ಡದಾಗಿದೆ, ವಾಸನೆಯೇ ಇಲ್ಲ’ ಅನ್ನುವವರು ತಾವು ಹಾಕಿದ ಗೊಬ್ಬರದ ಲೆಕ್ಕ ನೋಡಿಕೊಳ್ಳಲಿ. ಒಂದೇ ತಾಯಿ ಗಿಡದ ಸಸಿಗಳನ್ನು ಎರಡು ಕುಂಡಗಳಲ್ಲಿಟ್ಟು ನೋಡಿದ್ದೇನೆ. ಒಂದಕ್ಕೆ ಹದಿನೈದು ದಿನಕ್ಕೊಮ್ಮೆ ಸಾರಜನಕ ಜಾಸ್ತಿ ಇರುವ ಗೊಬ್ಬರ, ಇನ್ನೊಂದಕ್ಕೆ ಏನೂ ಇಲ್ಲ. ತಿಂದ ಗಿಡದ ಎಲೆ ಅಂಗೈ ಅಗಲ, ಮೆತ್ತಗೆ, ಉಜ್ಜಿದರೆ ಹಸಿ ಹುಲ್ಲಿನ ವಾಸನೆ, ಹಿಂಬದಿ ತುಂಬ ಬಿಳಿನೊಣ. ಉಪವಾಸದ್ದು ಅರ್ಧ ಗಾತ್ರ, ಒರಟು, ಆದರೆ ಪಕ್ಕದಲ್ಲಿ ಹಾದುಹೋದ ಪ್ಯಾಂಟಿಗೂ ಘಮ ಅಂಟುತ್ತಿತ್ತು. ಆ ಎಲೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಕೂದಲಿನ ತುದಿಗಳಲ್ಲಿ ಗಾಜಿನ ಮಣಿಗಳ ಹಾಗೆ ಎಣ್ಣೆ ಕೂತಿರುತ್ತದೆ. ನಾವು ಬೆಳೆಯುವುದು ಅದನ್ನು, ಎಲೆಯನ್ನಲ್ಲ. ಈಗ ಕುಂಡ ಬದಲಿಸುವಾಗ ಒಂದು ಹಿಡಿ ಹಳೇ ಕಾಂಪೋಸ್ಟ್, ಬೆಳೆಯುವ ಕಾಲದಲ್ಲಿ ಒಂದೆರಡು ಸಲ ತೆಳುವಾಗಿ ಪೊಟ್ಯಾಷ್. ಅಷ್ಟೇ.

ಕುಂಡ ಮಣ್ಣಿನದೇ ಆಗಲಿ. ಭಾರ, ಒಡೆಯುತ್ತದೆ, ದುಡ್ಡೂ ಜಾಸ್ತಿ, ಎಲ್ಲ ಒಪ್ಪಿದೆ. ಆದರೆ ಪ್ಲಾಸ್ಟಿಕ್ ಕುಂಡದಲ್ಲಿ ಸತ್ತ ಗಿಡಗಳ ಬೆಲೆ ಸೇರಿಸಿ ನೋಡಿದರೆ ಮಣ್ಣಿನದೇ ಅಗ್ಗ. ಬೇರಿಗಿಂತ ತುಸು ದೊಡ್ಡ ಕುಂಡ ಸಾಕು. ದೊಡ್ಡದರಲ್ಲಿಟ್ಟರೆ ಮಣ್ಣು ಒಣಗುವುದೇ ಇಲ್ಲ.

ನೆಲದಲ್ಲಿ ನೆಟ್ಟರೆ ಗುಲಾಬಿ ಘಮದ್ದು ಒಂದೇ ವರ್ಷಕ್ಕೆ ಸೊಂಟದೆತ್ತರ ಪೊದೆಯಾಗುತ್ತದೆ. ನೋಡಲು ಚೆಂದ, ಆದರೆ ಜಡಿಮಳೆಗೆ ಸಪಾಟು ನೆಲದಲ್ಲಿದ್ದವೆಲ್ಲ ಹೋದವು. ಅರ್ಧ ಅಡಿ ಏರಿಸಿ ಕಲ್ಲುಪುಡಿ ಬೆರೆಸಿದ ದಿಬ್ಬದ ಮೇಲಿದ್ದವು ಉಳಿದವು. ವರ್ಷಕ್ಕೊಮ್ಮೆ ಗಟ್ಟಿ ಸವರಬೇಕು, ಪ್ರತಿ ಕೊಂಬೆಯಲ್ಲೂ ಒಂದೆರಡು ಹಸಿರು ಗೆಣ್ಣು ಬಿಟ್ಟು. ಇಲ್ಲದಿದ್ದರೆ ಬುಡವೆಲ್ಲ ಬೋಳು ಕಟ್ಟಿಗೆ, ತುದಿಯಲ್ಲಿ ನಾಲ್ಕು ಎಲೆ. ಹಿಮ ಬೀಳುವ ಜಾಗದಲ್ಲಿದ್ದರೆ ನೆಲದ ಆಸೆ ಬಿಟ್ಟುಬಿಡಿ, ಕುಂಡ ಒಳಗಿಡಿ. ಪುದೀನ ಘಮದ ಟೊಮೆಂಟೋಸಂ ಬೇರೆಯದೇ ಸ್ವಭಾವ. ಮಖಮಲ್ಲಿನಂಥ ಎಲೆ, ಅರೆನೆರಳು ಕೇಳುತ್ತದೆ, ನೀರೂ ತುಸು ಹೆಚ್ಚು. ಉರಿಬಿಸಿಲಿಗಿಟ್ಟರೆ ಅಂಚು ಸುಡುತ್ತದೆ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಇವನ್ನೆಲ್ಲ ಎತ್ತರದಲ್ಲಿಡಿ. ಎಲೆ ತಿಂದರೆ ಅವಕ್ಕೆ ವಾಂತಿಯಾಗುತ್ತದೆ.

ದುಡ್ಡು ಕಳೆದ ಇನ್ನೆರಡು ಪ್ರಯೋಗ ಹೇಳುತ್ತೇನೆ. ಮೊದಲನೆಯದು ಎಣ್ಣೆ. ಹಳೇ ಪ್ರೆಶರ್ ಕುಕ್ಕರಿಗೆ ತಾಮ್ರದ ಕೊಳವೆ ಸುತ್ತಿ ಭಟ್ಟಿ ಇಳಿಸಿದೆ. ಈ ಎಲೆಯಲ್ಲಿ ಎಣ್ಣೆ ಇರುವುದೇ ನೂರಕ್ಕೆ 0.1ರಿಂದ 0.2ರಷ್ಟು. ಅಂದರೆ ಒಂದು ಕಿಲೋ ಎಲೆಗೆ ಒಂದೆರಡು ಗ್ರಾಂ, ಅದೂ ಸರಿಯಾದ ಯಂತ್ರದಲ್ಲಿ. ನನಗೆ ಮೂರು ನಾಲ್ಕು ಕಿಲೋ ಎಲೆಯಿಂದ ನೀರಿನ ಮೇಲೆ ತೆಳ್ಳನೆಯ ಪದರ ಕಂಡಿತು, ಬಾಟಲಿಗೆ ತುಂಬುವಷ್ಟರಲ್ಲಿ ಗಾಜಿಗೇ ಅಂಟಿಹೋಯಿತು. ತಾಮ್ರದ ಕೊಳವೆಯ ದುಡ್ಡು ಹೋಯಿತು, ಘಮದ ನೀರು ಮಾತ್ರ ಚೆನ್ನಾಗಿ ಸಿಕ್ಕಿತು. ಎಲೆ ಒಣಗಿಸಿ ಇಡುವುದು ಇದಕ್ಕಿಂತ ಲಾಭ. ಗುಲಾಬಿ ಘಮದ ಎಲೆ ತಿಂಗಳುಗಟ್ಟಲೆ ಘಮ ಹಿಡಿದಿಟ್ಟುಕೊಂಡಿತು, ನಿಂಬೆ ಘಮದ್ದು ಬೇಗ ಮಂಕಾಯಿತು.

ಎರಡನೆಯದು ‘ಸೊಳ್ಳೆ ಓಡಿಸುವ ಗಿಡ’ ಅಂತ ಮಾರುವ ಸಿಟ್ರೋಸಾ. ಬೇರೆ ಜೆರೇನಿಯಂನ ಎರಡರಷ್ಟು ಬೆಲೆ ಕೊಟ್ಟು ತಂದೆ. ಸಂಜೆ ಅದರ ಪಕ್ಕದಲ್ಲೇ ಕೂತೆ. ಚೆನ್ನಾಗಿ ಕಚ್ಚಿದವು. ಒಂದು ಸೊಳ್ಳೆ ಅದರ ಎಲೆ ಮೇಲೇ ಕೂತು ವಿಶ್ರಾಂತಿ ತಗೊಳ್ಳುತ್ತಿತ್ತು. ವಿಜ್ಞಾನಿಗಳು ಪರೀಕ್ಷಿಸಿದಾಗಲೂ ಈ ಗಿಡ ಪಕ್ಕದಲ್ಲಿದ್ದ ಮಾತ್ರಕ್ಕೆ ಸೊಳ್ಳೆ ದೂರ ಹೋಗಲಿಲ್ಲ. ಘಮಕ್ಕಾಗಿ ಬೆಳೆಸಿ, ಸೊಳ್ಳೆಗೆ ಪರದೆ ಕಟ್ಟಿ.

ಇಷ್ಟೆಲ್ಲ ಆಗಿಯೂ ಹಾಕಿದ ದುಡ್ಡು ಮೂರನೇ ವರ್ಷಕ್ಕೆ ವಾಪಸ್ ಬಂತು, ಬರೀ ಸಸಿ ಮಾರಿ. ಅದರಲ್ಲೂ ಗುಲಾಬಿ ಘಮದ್ದೇ ಮುಕ್ಕಾಲು ಪಾಲು. ಎಲೆಗೆ ಬಿಳಿ ಅಂಚಿರುವ ಲೇಡಿ ಪ್ಲಿಮತ್ ತಳಿ ಕಂಡರೆ ಜನ ಚೌಕಾಸಿ ಮಾಡುವುದನ್ನೇ ಮರೆಯುತ್ತಾರೆ.

ಸದ್ಯಕ್ಕೆ ಕೈಕೊಡುತ್ತಿರುವುದು ಮೇಬಲ್ ಗ್ರೇ ಅನ್ನುವ ತಳಿ. ನಿಂಬೆ ಘಮದಲ್ಲಿ ಅದನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ. ಆದರೆ ನೆಟ್ಟಗೆ ಒಂದೇ ಕಡ್ಡಿಯಾಗಿ ಏರುತ್ತದೆ, ಕಟಿಂಗ್ ಅರ್ಧಕ್ಕರ್ಧ ಮಾತ್ರ ಹಿಡಿಯುತ್ತದೆ. ಈ ಸಲ ಮೊದಲೇ ತುದಿ ಚಿವುಟಿ, ಪಕ್ಕದ ಚಿಗುರು ಬರಿಸಿ, ಅವನ್ನು ಕತ್ತರಿಸದೆ ತಾಯಿ ಕಾಂಡದ ಚೂರು ಸಮೇತ ಕೆಳಕ್ಕೆಳೆದು ಕಿತ್ತು ನೆಟ್ಟಿದ್ದೇನೆ. ಹತ್ತಿರ ಹತ್ತಿರ ಮೂವತ್ತು ಇವೆ. ಹಿಡಿದಷ್ಟನ್ನು ಮಾರುತ್ತೇನೆ. ತಾಯಿ ಗಿಡ ಮಾತ್ರ ಕೇಳಬೇಡಿ.