ಫೈನಾನ್ಶಿಯಲ್ ಏಡ್ ಅರ್ಜಿಯಲ್ಲಿ ಶಿವಮೊಗ್ಗದ ರಸೀದಿಗಳು

ಅಮೆರಿಕದಲ್ಲಿ ಸರ್ಕಾರಿ ಶಾಲೆ ಪುಕ್ಕಟೆ ಇರುವಾಗ ಖಾಸಗಿ ಶಾಲೆ ಯಾಕೆ ಎಂದು ಕೇಳಿದವರೇ ಎಲ್ಲ. ನಮ್ಮ ಮಗಳಿಗೆ ಡಿಸ್ಲೆಕ್ಸಿಯಾ ಇದೆ, ಅಕ್ಷರ ಓದುವುದು ಬರೆಯುವುದು ಕಷ್ಟವಾಗುವ ತೊಂದರೆ. ಬಾಸ್ಟನ್ ಹತ್ತಿರ ನಾವಿರುವ ಊರಿನ ಸರ್ಕಾರಿ ಶಾಲೆಯವರು ಕೈಲಾದ ಸಹಾಯ ಮಾಡಿದರು, ಅವರ ಮೇಲೆ ನನ್ನದೇನೂ ದೂರಿಲ್ಲ. ಆದರೆ 26 ಮಕ್ಕಳ ನಡುವೆ ಕೂತು ಅವಳು ಪುಸ್ತಕ ತೆರೆಯುವುದನ್ನೇ ಬಿಟ್ಟಿದ್ದಳು. ನಾವು ನೋಡಿದ ಖಾಸಗಿ ಶಾಲೆಯಲ್ಲಿ ಕ್ಲಾಸಿಗೆ 12 ಮಕ್ಕಳು. ಒಂದು ದಿನ ಅಲ್ಲಿ ಕೂತು ಬಂದವಳು, ವಾಪಸ್ ಬರುವಾಗ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದುತ್ತಾ ಬಂದಳು. ಫೀಸು ವರ್ಷಕ್ಕೆ 41,000 ಡಾಲರ್.

ನಮ್ಮ ಯಜಮಾನರ ಸಂಬಳ 1,05,000 ಡಾಲರ್. ಇದನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ನೆರವು ಕೇಳಲು ಯಾರಿಗಾದರೂ ಸಂಕೋಚವಾಗುತ್ತದೆ. ನಮಗೂ ಆಯಿತು. ತೆರಿಗೆ, ವಿಮೆ, 2,900 ಡಾಲರ್ ಬಾಡಿಗೆ, ಊರಿಗೆ ಕಳಿಸುವ ದುಡ್ಡು ಎಲ್ಲ ಕಳೆದ ಮೇಲೆ ಉಳಿಯುವುದರಲ್ಲಿ ಆ ಫೀಸಿನ ಕಾಲು ಭಾಗವೂ ಹುಟ್ಟುವುದಿಲ್ಲ. ಇಷ್ಟು ಸಂಬಳದವರು ಕೇಳಬಾರದು ಎಂದುಕೊಂಡು ಅರ್ಜಿಯನ್ನೇ ಹಾಕದ ಕನ್ನಡದ ಮನೆಗಳು ನನಗೇ ಮೂರು ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಫೈನಾನ್ಶಿಯಲ್ ಏಡ್ ಅನ್ನುವ ಈ ನೆರವು ಜಾಣ ಮಕ್ಕಳಿಗೆ ಕೊಡುವ ಸ್ಕಾಲರ್‌ಶಿಪ್ ಅಲ್ಲ, ತೀರಿಸಬೇಕಾದ ಸಾಲವೂ ಅಲ್ಲ. ಮನೆಯ ಆದಾಯ, ಆಸ್ತಿ, ಖರ್ಚು ನೋಡಿ ಶಾಲೆ ತನ್ನದೇ ದುಡ್ಡಿನಲ್ಲಿ ಫೀಸು ಕಡಿಮೆ ಮಾಡುತ್ತದೆ. ಹೆಚ್ಚಿನ ಶಾಲೆಗಳು ಲೆಕ್ಕ ಹಾಕುವ ಕೆಲಸವನ್ನು ಎಸ್‌ಎಸ್‌ಎಸ್, ಫ್ಯಾಕ್ಟ್ಸ್, ಕ್ಲಾರಿಟಿ ಇಂಥ ಯಾವುದಾದರೂ ಒಂದು ಸಂಸ್ಥೆಗೆ ವಹಿಸಿರುತ್ತವೆ. ನಮ್ಮದು ಎಸ್‌ಎಸ್‌ಎಸ್. ಅಲ್ಲಿ ತುಂಬುವ ಫಾರ್ಮಿಗೆ ಪಿಎಫ್‌ಎಸ್ ಅನ್ನುತ್ತಾರೆ, ತಂದೆತಾಯಿಯ ಹಣಕಾಸಿನ ಹೇಳಿಕೆ. ಸಂಸ್ಥೆ ಹೇಳುವುದು ಇವರು ಇಷ್ಟು ಕಟ್ಟಬಲ್ಲರು ಎಂಬ ಅಂದಾಜು ಮಾತ್ರ. ಎಷ್ಟು ಕೊಡಬೇಕು ಎಂದು ತೀರ್ಮಾನಿಸುವುದು ಶಾಲೆಯಲ್ಲಿ ಕೂತಿರುವ ಮನುಷ್ಯರು. ಇದು ಗೊತ್ತಾದ ಮೇಲೆಯೇ ನಾನು ಅರ್ಜಿ ಬರೆಯುವ ರೀತಿ ಬದಲಾಯಿತು.

ಏಡ್ ಕೇಳಿದರೆ ಸೀಟೇ ಸಿಗದೆ ಹೋದರೆ ಎಂಬ ಭಯ ಸುಳ್ಳಲ್ಲ. ಆಂಡೋವರ್‌ನ ಫಿಲಿಪ್ಸ್ ಅಕಾಡೆಮಿಯಂಥ ಬೆರಳೆಣಿಕೆಯ ಶ್ರೀಮಂತ ಶಾಲೆಗಳು ಮಾತ್ರ ದುಡ್ಡಿನ ವಿಷಯ ನೋಡದೆ ಮಗುವನ್ನು ಆರಿಸುತ್ತವೆ. ಉಳಿದವಕ್ಕೆ ಆ ವರ್ಷ ಇಷ್ಟೇ ದುಡ್ಡು ಎಂಬ ಮಿತಿ ಇರುತ್ತದೆ. ಹಾಗೆಂದು ಮೊದಲ ವರ್ಷ ಪೂರ್ತಿ ಕಟ್ಟುತ್ತೇವೆ ಎಂದು ಸೇರಿಸಿ ಎರಡನೇ ವರ್ಷ ಕೇಳೋಣ ಎಂದುಕೊಳ್ಳಬೇಡಿ. ಸೇರುವಾಗ ಕೇಳದವರಿಗೆ ಆಮೇಲೆ ಕೊಡಲು ಎಷ್ಟೋ ಶಾಲೆಗಳು ಒಪ್ಪುವುದಿಲ್ಲ, ಅಷ್ಟರೊಳಗೆ ಮಗು ಅಲ್ಲಿ ಬೇರು ಬಿಟ್ಟಿರುತ್ತದೆ.

ಫಾರ್ಮು ತುಂಬಲು ನನಗೆ ಮೂರು ರಾತ್ರಿ ಹಿಡಿಯಿತು. ತೆರಿಗೆಯ 1040 ಫಾರ್ಮು ಅದರ ಜೊತೆಗಿನ ಪುಟಗಳಾದ ಎಲ್ಲ ಶೆಡ್ಯೂಲ್‌ಗಳ ಸಮೇತ ಬೇಕು, ವರ್ಷದ ಸಂಬಳ, ತೆರಿಗೆ ಕಡಿತ ತೋರಿಸಿ ಕಂಪನಿ ಕೊಡುವ ಡಬ್ಲ್ಯೂ-2 ಬೇಕು. ನಮ್ಮ ಶಾಲೆಯ ಕೊನೇ ದಿನಾಂಕ ಜನವರಿ ಮಧ್ಯದಲ್ಲಿತ್ತು. ಆ ವರ್ಷದ ಡಬ್ಲ್ಯೂ-2 ಕೈಗೆ ಬರುವುದೇ ಜನವರಿ ಕೊನೆಗೆ. ಹಾಗಾಗಿ ಹಿಂದಿನ ವರ್ಷದ ಕಾಗದ ಹಾಕಿ, ಈ ವರ್ಷದ್ದನ್ನು ಕೊನೆಯ ಪೇ ಸ್ಲಿಪ್ ನೋಡಿ ಅಂದಾಜು ಬರೆದೆ, ಡಬ್ಲ್ಯೂ-2 ಬಂದ ದಿನವೇ ಸೇರಿಸಿದೆ. ಕಾರು ಯಾವ ವರ್ಷದ್ದು, ರಜೆಗೆ ಎಷ್ಟು ಖರ್ಚು, ಮಕ್ಕಳ ಬೇಸಿಗೆ ಕ್ಯಾಂಪಿಗೆ ಎಷ್ಟು, ಇದನ್ನೂ ಕೇಳುತ್ತಾರೆ. ಮಗಳ ಭರತನಾಟ್ಯದ ಕ್ಲಾಸಿನ ಫೀಸನ್ನು ಬರೆದೆ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವ ಟಿಕೆಟ್ಟಿನ ದುಡ್ಡು ರಜೆಯ ಸಾಲಿನಲ್ಲಿ ಕೂತು ಮೋಜಿನ ಖರ್ಚಿನಂತೆ ಕಾಣುತ್ತಿತ್ತು, ಅದು ಕಾಯಿಲೆಯ ಮಾವನನ್ನು ನೋಡಲು ಹೋಗುವುದು ಎಂದು ವಿವರಣೆಯ ಜಾಗದಲ್ಲಿ ಬರೆದೆ.

ಕಷ್ಟವಾಗಿದ್ದು ಆಸ್ತಿಯ ಪುಟ. ಶಿವಮೊಗ್ಗದಲ್ಲಿ ಇವರ ಹೆಸರಿನಲ್ಲಿ ಒಂದು 30-40 ಸೈಟಿದೆ. ತೀರ್ಥಹಳ್ಳಿ ಕಡೆ ಮಾವನ ಅಡಿಕೆ ತೋಟವಿದೆ, ಇನ್ನೂ ಪಾಲಾಗಿಲ್ಲ. ಇದೆಲ್ಲ ಶಾಲೆಯವರಿಗೆ ಹೇಗೆ ಗೊತ್ತಾಗುತ್ತದೆ, ಬರೆಯಬೇಡ ಎಂದು ಗೆಳತಿಯೊಬ್ಬಳು ಹೇಳಿದಳು. ನಾನು ಸೈಟನ್ನು ಬರೆದೆ: ಕೊಂಡ ವರ್ಷ, ಕೊಟ್ಟ ಬೆಲೆ, ಇವತ್ತಿನ ಬೆಲೆ, ಬ್ಯಾಂಕಿಗೆ ಬಾಕಿ ಇರುವ ಸಾಲ. ಸುಳ್ಳು ಹೇಳಿ ಪಡೆದ ಸೀಟಿನಲ್ಲಿ ಮಗಳನ್ನು ಕೂರಿಸಲು ನನಗೆ ಮನಸ್ಸಿರಲಿಲ್ಲ. ಅಲ್ಲದೆ ಊರಿನ ಬ್ಯಾಂಕಿನಲ್ಲಿ ಖಾತೆ ಇದೆ ಎಂಬುದು ತೆರಿಗೆ ಕಾಗದದ ಶೆಡ್ಯೂಲ್ ಬಿ ಮೂರನೇ ಭಾಗದಲ್ಲಿ ಹೇಗೂ ಇರುತ್ತದೆ, ಶಾಲೆಯವರು ನೋಡುವುದು ಅದೇ ಕಾಗದವನ್ನು. ತೋಟ ನಮ್ಮದಲ್ಲ. ಪಹಣಿ ಮಾವನ ಹೆಸರಿನಲ್ಲಿದೆ, ಅದರ ಆದಾಯ ನಮಗೆ ಬರುವುದಿಲ್ಲ. ಆದ್ದರಿಂದ ಅದನ್ನು ಆಸ್ತಿಯ ಪಟ್ಟಿಗೆ ಹಾಕಲಿಲ್ಲ, ಅಂಥದ್ದೊಂದು ಇದೆ ಎಂದು ಪತ್ರದಲ್ಲಿ ಎರಡು ಸಾಲು ಬರೆದೆ.

ಆ ಪತ್ರದ ಬಗ್ಗೆ ಸ್ವಲ್ಪ ಹೇಳಬೇಕು. ಫಾರ್ಮಿನ ಕಣ್ಣಿಗೆ ಕಾಣುವುದು ಒಂದೇ ದೇಶದಲ್ಲಿರುವ, ಗಂಡ ಹೆಂಡತಿ ಮಕ್ಕಳು ಮಾತ್ರ ಇರುವ ಮನೆ. ನಮ್ಮ ಮನೆ ಎರಡು ದೇಶದಲ್ಲಿ ಹರಡಿಕೊಂಡಿದೆ. ತಿಂಗಳಿಗೆ 60,000 ರೂಪಾಯಿ, ಆಗಿನ ದರದಲ್ಲಿ ಸುಮಾರು 720 ಡಾಲರ್, ಅತ್ತೆ ಮಾವನಿಗೆ ಹೋಗುತ್ತದೆ. ಮಾವನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಇದನ್ನು ಕಾಗದದಲ್ಲಿ ತೋರಿಸದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ರಸೀದಿ ಕೇಳಲು ಫೋನ್ ಮಾಡಿದೆ. ಮಾವ ತುಂಬ ಹೊತ್ತು ಮಾತಾಡಲಿಲ್ಲ. "ನನ್ನ ಬಿಲ್ಲೆಲ್ಲ ಎಂತಕ್ಕಮ್ಮ ಆ ಶಾಲೆಯವ್ರಿಗೆ?" ಅಂದರು. ತಮ್ಮ ಕಾಯಿಲೆ ಮೊಮ್ಮಗಳ ಫೀಸಿಗೆ ಅಡ್ಡ ಬಂತು ಎಂದು ಅವರಿಗೆ ನೋವಾಗಿತ್ತು. "ಹಾಗಲ್ಲ ಮಾವ, ನೀವು ನಮ್ಮ ಮನೆಯೋರು ಅಂತ ಅವರಿಗೆ ತೋರಿಸ್ಬೇಕು, ಅದಕ್ಕೆ" ಎಂದೆ. ಎರಡು ದಿನ ಬಿಟ್ಟು ವಾಟ್ಸಾಪಿನಲ್ಲಿ 31 ಫೋಟೋ ಬಂದವು. ಊಟದ ಮೇಜಿನ ಮೇಲೆ ಒಂದೊಂದೇ ರಸೀದಿ ಇಟ್ಟು, ಮುದುರಿದ್ದನ್ನು ಬೆರಳಿನಿಂದ ಒತ್ತಿ ಹಿಡಿದು ತೆಗೆದಿದ್ದರು.

ಮಾರ್ಚ್ 10ಕ್ಕೆ ಫಲಿತಾಂಶ ಬಂತು. ಬಾಸ್ಟನ್ ಕಡೆಯ ಹಲವು ಖಾಸಗಿ ಶಾಲೆಗಳು ಅದೇ ದಿನ ತಿಳಿಸುತ್ತವೆ, ಏಪ್ರಿಲ್ 10ರೊಳಗೆ ನಾವು ಉತ್ತರ ಕೊಡಬೇಕು. ಸೀಟು ಸಿಕ್ಕಿತ್ತು, ನೆರವು 14,000 ಡಾಲರ್. ಇನ್ನೂ 27,000 ನಮ್ಮ ಪಾಲು. ಆಗುವ ಮಾತಾಗಿರಲಿಲ್ಲ.

ಲೆಕ್ಕ ಹೇಗೆ ಹಾಕಿದಿರಿ ಎಂದು ಕೇಳಿ ಮೇಲ್ ಬರೆದೆ, ಮರುದಿನವೇ ಫೋನ್ ಬಂತು. ಮನೆಯಲ್ಲಿ ದುಡಿಯಬಲ್ಲ ತಾಯಿ ಇದ್ದಾರೆ, ಮಕ್ಕಳೆಲ್ಲ ಶಾಲೆಗೆ ಹೋಗುತ್ತಾರೆ, ಆದ್ದರಿಂದ ಅವರೂ ಇಷ್ಟು ಸಂಪಾದಿಸಬಹುದು ಎಂದು ನನ್ನ ಹೆಸರಿಗೆ ಒಂದು ಸಂಬಳವನ್ನು ಸೇರಿಸಿದ್ದರಂತೆ. ಹಲವು ಶಾಲೆಗಳು ಹೀಗೆ ಮಾಡುತ್ತವೆ ಎಂದು ನನಗೆ ಆಗಲೇ ತಿಳಿದದ್ದು. ಶಿವಮೊಗ್ಗದಲ್ಲಿ ಒಂಬತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವಳು ನಾನು. ಇಲ್ಲಿ ನನ್ನದು ಎಚ್-4 ವೀಸಾ, ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವ ಗಂಡನ ಜೊತೆ ಇರಲು ಕೊಡುವುದು. ಪರವಾನಗಿ ಇಲ್ಲದೆ ಕೆಲಸ ಮಾಡಿದರೆ ವೀಸಾ ನಿಯಮ ಮುರಿದಂತೆ. 2015ರಿಂದ ಎಚ್-4ನವರಿಗೂ ಕೆಲಸದ ಪರವಾನಗಿ ಕೊಡುತ್ತಾರೆ, ಆದರೆ ಹೆಚ್ಚಿನವರಿಗೆ ಅದು ಸಿಗಬೇಕಾದರೆ ಗಂಡನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿರಬೇಕು. ಇವರದು ಆಗಿರಲಿಲ್ಲ. ಇದನ್ನೆಲ್ಲ ನಾನು ಮೊದಲ ಪತ್ರದಲ್ಲಿ ಬರೆದೇ ಇರಲಿಲ್ಲ, ಉದ್ಯೋಗದ ಜಾಗದಲ್ಲಿ ಗೃಹಿಣಿ ಎಂದಷ್ಟೇ ತುಂಬಿದ್ದೆ. ಎಚ್-4ನಲ್ಲಿರುವ ಅಕ್ಕತಂಗಿಯರೇ, ದಯವಿಟ್ಟು ಹಾಗೆ ಮಾಡಬೇಡಿ. ಕೆಲಸಕ್ಕೆ ಕಾನೂನಿನ ಅನುಮತಿ ಇಲ್ಲ ಎಂದು ಸ್ಪಷ್ಟವಾಗಿ ಬರೆದು ಎಚ್-4 ಮಂಜೂರಾದದ್ದನ್ನು ತಿಳಿಸುವ ಐ-797 ನೋಟಿಸಿನ ಪ್ರತಿ ಲಗತ್ತಿಸಿ.

ಮರುಪರಿಶೀಲನೆಗೆ ಒಂದು ಪುಟದ ಪತ್ರ ಬರೆದೆ. ಇನ್ನೊಂದು ಶಾಲೆ ಇಷ್ಟು ಕೊಟ್ಟಿದೆ ಎಂದು ಚೌಕಾಸಿ ಮಾಡಲಿಲ್ಲ, ಅಳಲು ತೋಡಿಕೊಳ್ಳಲೂ ಇಲ್ಲ. ನನ್ನ ವೀಸಾದ ಸ್ಥಿತಿ, ಡಯಾಲಿಸಿಸ್ ಖರ್ಚಿನ ಹನ್ನೆರಡು ತಿಂಗಳ ಮೊತ್ತ ಡಾಲರ್ ಲೆಕ್ಕದಲ್ಲಿ, ದುಡ್ಡು ಕಳಿಸಿದ್ದಕ್ಕೆ ಬ್ಯಾಂಕಿನ ದಾಖಲೆ, ಕೊನೆಯಲ್ಲಿ ನಾವು ಕಟ್ಟಬಲ್ಲ ಮೊತ್ತ. ಎಷ್ಟು ಕಟ್ಟಬಲ್ಲಿರಿ ಎಂದು ಪಿಎಫ್‌ಎಸ್‌ನಲ್ಲೂ ಕೇಳುತ್ತಾರೆ. ಅಲ್ಲಿ ಸೊನ್ನೆ ಹಾಕುವವರಿದ್ದಾರೆ. ಖರ್ಚುಗಳನ್ನು ಮೊಟಕು ಮಾಡಿ ತಿಂಗಳಿಗೆ ನಿಜವಾಗಿ ತೆಗೆದಿಡಬಹುದಾದದ್ದನ್ನು ಕೂಡಿ ಹಾಕಿ, ಇವರಿಗೆ ಬರುವ ಬೋನಸ್ಸನ್ನೂ ಸೇರಿಸಿ, 19,000 ಎಂದು ಬರೆದೆ. ಹತ್ತು ದಿನದ ಮೇಲೆ ನೆರವು 21,500ಕ್ಕೆ ಏರಿತು. ನಮ್ಮ ಪಾಲು 19,500. ಸಹಿ ಹಾಕಿದೆವು, ಹತ್ತು ಕಂತಿನಲ್ಲಿ ಕಟ್ಟಿದೆವು. ಶಾಲಾ ಬಸ್ಸು, ಲ್ಯಾಪ್‌ಟಾಪ್, ಪ್ರವಾಸ ಇವಕ್ಕೂ ಅದೇ ಪ್ರಮಾಣದಲ್ಲಿ ರಿಯಾಯಿತಿ ಇದೆಯಾ ಎಂದು ಸಹಿಗೆ ಮೊದಲೇ ಕೇಳಿ. ನಮ್ಮಲ್ಲಿ ಬಸ್ಸಿಗಿತ್ತು, ಉಳಿದವಕ್ಕೆ ಇರಲಿಲ್ಲ.

ಗ್ರೀನ್ ಕಾರ್ಡಿಗೆ ಇದರಿಂದ ತೊಂದರೆಯಾಗುತ್ತದಾ ಎಂದು ಕನ್ನಡ ಕೂಟದಲ್ಲಿ ಹಲವರು ಕೇಳಿದ್ದಾರೆ. ಪಬ್ಲಿಕ್ ಚಾರ್ಜ್ ನಿಯಮ ನೋಡುವುದು ಸರ್ಕಾರದ ದುಡ್ಡಿನಲ್ಲಿ ಬದುಕುವ ವಿಷಯವನ್ನು. ಖಾಸಗಿ ಶಾಲೆ ತನ್ನ ಕೈಯಿಂದ ಬಿಟ್ಟ ಫೀಸು ಅದರಲ್ಲಿ ಬರುವುದಿಲ್ಲ.

ಅರ್ಜಿಯನ್ನು ಪ್ರತಿ ವರ್ಷವೂ ಹಾಕಬೇಕು. ಮರುವರ್ಷ ಇವರ ಐ-140 ಆಯಿತು, ನನಗೆ ಪರವಾನಗಿ ಬಂತು, ಒಂದು ಪ್ರೀಸ್ಕೂಲಿನಲ್ಲಿ ಸಹಾಯಕಿಯಾಗಿ ಸೇರಿದೆ. ಅವರು ಕೇಳುವ ಮೊದಲೇ ನಾನೇ ಏಡ್ ಆಫೀಸಿಗೆ ಫೋನ್ ಮಾಡಿ ತಿಳಿಸಿದೆ. ಆ ಸಲ ನೆರವು 15,000ಕ್ಕೆ ಇಳಿಯಿತು, ನನ್ನ ಸಂಬಳದಲ್ಲಿ ಆ ವ್ಯತ್ಯಾಸ ತುಂಬಿತು. ಮಗಳೀಗ ಎಂಟನೇ ಕ್ಲಾಸು, ರಾತ್ರಿ ಮಲಗುವ ಮುಂಚೆ ತಾನಾಗಿಯೇ ಪುಸ್ತಕ ಹಿಡಿಯುತ್ತಾಳೆ. ಮಾವ ಈಗ ನಾವು ಕೇಳುವುದಕ್ಕೆ ಕಾಯುವುದಿಲ್ಲ. ಡಯಾಲಿಸಿಸ್ ಮುಗಿಸಿ ಮನೆಗೆ ಬಂದ ಕೂಡಲೇ ರಸೀದಿಯ ಫೋಟೋ ಕಳಿಸುತ್ತಾರೆ, ಕೆಳಗೆ ಮೊಮ್ಮಗಳ ಹೆಸರು ಬರೆದು.